ಧ್ರುವದ ಕಡಲಿನಿಂದ ಹೆಕ್ಕಲಾಗದ ಕಸ: ಕೊಡಗಿನ ಆಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರಿಗೆ, ಕೊಡಗಿನ ಎಲ್ಲ ಗ್ರಾಮ ಪಂಚಾಯಿತಿ ಹಾಗೂ ನಗರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ ನಮಸ್ಕಾರಗಳು.

ಅಂಟಾರ್ಕ್ಟಿಕಾದಲ್ಲಿ ಕಾನೂನಾಗಿರುವ ಒಂದು ನಿಯಮವನ್ನು ಕೊಡಗಿನಲ್ಲೂ ಜಾರಿಗೆ ತನ್ನಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಿಯಮ ಸರಳವಾದದ್ದು. ಒಳಗೆ ತಂದ ಪ್ಲಾಸ್ಟಿಕ್ಕನ್ನು ತಂದವರೇ ಹೊರಗೆ ಒಯ್ಯಬೇಕು. ಬಯಲಲ್ಲಿ ಸುಡುವಂತಿಲ್ಲ, ನೀರಿಗೆ ಬಿಡುವಂತಿಲ್ಲ. ನಮ್ಮ ಜಿಲ್ಲೆಯ ಕಸದ ಮಾತಿಗೆ ಭೂಮಿಯ ತುದಿಯ ಕಡಲನ್ನು ಏಕೆ ಎಳೆದು ತರುತ್ತೀರಿ ಎಂದು ನೀವು ಕೇಳಬಹುದು. ಕೇಳಬೇಕು ಕೂಡ. ಆದ್ದರಿಂದ ಮೊದಲು ಅಲ್ಲಿ ಏನಾಗಿದೆ ಎಂಬುದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಿಯಾದ ಮೇಲೆ ನಾಪೋಕ್ಲು ಕಡೆ ಒಂದಿಷ್ಟು ಕಾಫಿ, ಕರಿಮೆಣಸು ನೋಡಿಕೊಂಡಿರುವ ನನಗೆ ಕೆಲವು ವರ್ಷಗಳಿಂದ ಈ ವಿಷಯ ನೆಮ್ಮದಿ ಕೆಡಿಸಿದೆ.

ಗ್ರೀನ್‌ಲ್ಯಾಂಡಿಗೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವೆ ಫ್ರಾಮ್ ಜಲಸಂಧಿ ಎಂಬ ಕಡಲ ಹಾದಿಯಿದೆ. ಉತ್ತರ ಧ್ರುವದ ಮಂಜುಗಡ್ಡೆ ತೇಲುತ್ತಾ ಬಂದು ಕರಗುವುದು ಬಹುಮಟ್ಟಿಗೆ ಈ ದಾರಿಯಲ್ಲಿ. 2012ರ ಜುಲೈಯಲ್ಲಿ ಜರ್ಮನಿಯ ಸಂಶೋಧನಾ ಹಡಗು ಪೋಲಾರ್‌ಸ್ಟರ್ನ್‌ನಿಂದಲೂ ಅದರ ಹೆಲಿಕಾಪ್ಟರಿನಿಂದಲೂ ವಿಜ್ಞಾನಿಗಳು ಅಲ್ಲಿಯ ಮತ್ತು ಪಕ್ಕದ ಬ್ಯಾರೆಂಟ್ಸ್ ಸಮುದ್ರದ ಮೇಲ್ಮೈಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಹೋದರು. ಸುಮಾರು 5,600 ಕಿಲೋಮೀಟರ್ ದೂರದಲ್ಲಿ ಅವರಿಗೆ ಕಂಡದ್ದು 31 ತೇಲುವ ಕಸದ ತುಂಡುಗಳು. ಇಷ್ಟೇನಾ ಎನಿಸುತ್ತದೆ. ಆದರೆ ಅಷ್ಟು ಎತ್ತರದಿಂದ ಕಾಣುವುದು ದೊಡ್ಡ ತುಂಡುಗಳು ಮಾತ್ರ. ಮನುಷ್ಯ ವಾಸವೇ ಇಲ್ಲದ ನೀರಿನಲ್ಲಿ ಒಂದು ತುಂಡು ಇರುವುದಕ್ಕೂ ಕಾರಣ ಬೇಕು.

ನೀರಿನ ಮೇಲೆ ಕಂಡದ್ದು ಅಷ್ಟಾದರೆ ಅಡಿಯಲ್ಲಿ ಏನಿದೆ ಎಂಬುದು ಬೇರೆಯೇ ಕಥೆ. ಅದೇ ಜಲಸಂಧಿಯಲ್ಲಿ 2,500 ಮೀಟರ್ ಆಳದ ಕಡಲ ತಳದ ಚಿತ್ರಗಳನ್ನು ವರ್ಷ ವರ್ಷವೂ ತೆಗೆಯುವ ವೀಕ್ಷಣಾ ತಾಣವೊಂದಿದೆ. 2002ರಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ 3,635 ಕಸದ ತುಂಡುಗಳಿವೆ ಎಂದು ಅಂದಾಜಿಸಿದ್ದರು. 2011ರ ಹೊತ್ತಿಗೆ ಅದು 7,710 ಆಗಿತ್ತು. ಬಿಸಿಲು ಮುಟ್ಟದ, ಕೊರೆಯುವ ಚಳಿಯ ಆ ಆಳದಲ್ಲಿ ಪ್ಲಾಸ್ಟಿಕ್ ಸವೆಯುವುದು ಬಲು ನಿಧಾನ. ಹೋಗಿ ಬಿದ್ದದ್ದು ಬಿದ್ದೇ ಇರುತ್ತದೆ, ಅದರ ಮೇಲೆ ಹೊಸದು ಬೀಳುತ್ತದೆ.

ಇನ್ನು ಕಣ್ಣಿಗೆ ಕಾಣದ್ದು. 2014 ಮತ್ತು 2015ರಲ್ಲಿ ಆರ್ಕ್ಟಿಕ್‌ನ ಐದು ಕಡೆ ಕೊರೆದು ತೆಗೆದ ಮಂಜುಗಡ್ಡೆಯನ್ನು ಕರಗಿಸಿ ನೋಡಿದಾಗ ಒಂದು ಲೀಟರಿನಲ್ಲಿ 12,000ದಷ್ಟು ಮೈಕ್ರೋಪ್ಲಾಸ್ಟಿಕ್ ಕಣಗಳು ಸಿಕ್ಕವು. 17 ಬಗೆಯ ಪ್ಲಾಸ್ಟಿಕ್ಕುಗಳನ್ನು ಅಲ್ಲಿ ಗುರುತಿಸಿದರು. ಪ್ಯಾಕಿಂಗಿಗೆ ಬಳಸುವ ಪಾಲಿಥಿನ್, ಹಡಗಿನ ಬಣ್ಣ, ನೈಲಾನ್, ಸಿಗರೇಟಿನ ಫಿಲ್ಟರ್‌ನ ನಾರು, ಎಲ್ಲವೂ ಇದ್ದವು. ಅರ್ಧಕ್ಕಿಂತ ಹೆಚ್ಚು ಕಣಗಳು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಚಿಕ್ಕವು. ಕಡಲ ನೀರು ಹೆಪ್ಪುಗಟ್ಟುವಾಗ ಈ ಕಣಗಳು ಅದರೊಳಗೆ ಸಿಕ್ಕಿಬೀಳುತ್ತವೆ. ಸೈಬೀರಿಯಾದ ಕರಾವಳಿಯಿಂದಲೋ ಅಮೆರಿಕ ಖಂಡದ ಉತ್ತರದ ಅಂಚಿನಿಂದಲೋ ಹೊರಟ ಗಡ್ಡೆ 2ರಿಂದ 11 ವರ್ಷ ತೇಲಿ ಫ್ರಾಮ್ ಜಲಸಂಧಿಗೆ ಬಂದು ಕರಗಿದಾಗ ಹೊತ್ತು ತಂದದ್ದನ್ನೆಲ್ಲ ಅಲ್ಲಿ ಇಳಿಸುತ್ತದೆ. ಸಾಲದೆಂಬಂತೆ ಗಾಳಿಯೂ ಹೊರುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದೇ ಪ್ರದೇಶದ ತೇಲುಗಡ್ಡೆಗಳ ಮೇಲೆ ಬಿದ್ದ ಹಿಮದಲ್ಲಿ ಲೀಟರಿಗೆ 14,400ರವರೆಗೆ ಕಣಗಳನ್ನು ಎಣಿಸಿತು. ಆಕಾಶದಿಂದ ಬಿದ್ದ ಹಿಮ ಅದು, ನದಿ ತಂದ ನೀರಲ್ಲ.

ಎಲ್ಲಿಂದ ಬಂತು ಇದು? ಬಹುಪಾಲು ಯುರೋಪಿನಿಂದ, ಅಮೆರಿಕದ ಪೂರ್ವ ಕರಾವಳಿಯಿಂದ, ಮೀನುಗಾರಿಕೆಯ ಹಡಗುಗಳಿಂದ. 2013ರಲ್ಲಿ ಧ್ರುವದ ಸುತ್ತ ಪಯಣಿಸಿದ ಟಾರಾ ಎಂಬ ಹಾಯಿಹಡಗಿನ ಮಾದರಿಗಳನ್ನು ನೋಡಿದ ವಿಜ್ಞಾನಿಗಳು, ಉತ್ತರ ಅಟ್ಲಾಂಟಿಕ್‌ನ ಪ್ರವಾಹ ಮೇಲಕ್ಕೆ ಹರಿದು ಗ್ರೀನ್‌ಲ್ಯಾಂಡ್ ಮತ್ತು ಬ್ಯಾರೆಂಟ್ಸ್ ಸಮುದ್ರಗಳಲ್ಲಿ ತಂಪಾಗಿ ಕೆಳಗಿಳಿಯುತ್ತದೆ, ತೇಲುವ ಪ್ಲಾಸ್ಟಿಕ್ ಮಾತ್ರ ಮೇಲೆಯೇ ಉಳಿಯುತ್ತದೆ ಎಂದು ಬರೆದರು. ಮುಂದೆ ದಾರಿಯಿಲ್ಲದ ಕೊನೆಯ ನಿಲ್ದಾಣ ಅದು. ಅಲ್ಲಿ ಸುಮಾರು 30,000 ಕೋಟಿ ತುಂಡುಗಳು ತೇಲುತ್ತಿವೆ ಎಂಬುದು ಅವರ ಅಂದಾಜು. 2021ರಲ್ಲಿ ಬಂದ ಇನ್ನೊಂದು ಅಧ್ಯಯನ ಆರ್ಕ್ಟಿಕ್‌ನ 71 ಕಡೆಗಳ ನೀರನ್ನು ಪರೀಕ್ಷಿಸಿತು. ಸಿಕ್ಕ ಮೈಕ್ರೋಪ್ಲಾಸ್ಟಿಕ್‌ನಲ್ಲಿ ಶೇಕಡಾ 92ರಷ್ಟು ಕೃತಕ ನಾರುಗಳು, ಆ ನಾರುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಎಂದರೆ ನಾವೆಲ್ಲ ಉಡುವ, ಒಗೆಯುವ, ಒಣಹಾಕುವ ಬಟ್ಟೆ.

ದುಬಾರೆಯಲ್ಲಿ ಪ್ರವಾಸಿಯೊಬ್ಬ ಎಸೆದ ಚಿಪ್ಸ್ ಪೊಟ್ಟಣ ಸ್ವಾಲ್ಬಾರ್ಡಿಗೆ ಹೋಗಿ ಮುಟ್ಟುತ್ತದೆ ಎಂದು ಹೇಳಿ ನಿಮ್ಮನ್ನು ಹೆದರಿಸುವ ಉದ್ದೇಶ ನನಗಿಲ್ಲ. ನಾನು ಹೇಳುವುದು ಇನ್ನೂ ಕಠಿಣವಾದ ಮಾತು. ಮನುಷ್ಯರಿಂದ ಅಷ್ಟು ದೂರದ ಕಡಲೇ ಹೀಗಾಗಿದ್ದರೆ, ಎಸೆಯುವವರಿಗೂ ಕಡಲಿಗೂ ನಡುವೆ ಇರುವ ದೂರ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ದಕ್ಷಿಣದಲ್ಲಿ ಅಂಥದೊಂದು ರಕ್ಷಣೆ ಇದೆ ಎಂದು ಬಹುಕಾಲ ನಂಬಿದ್ದರು. ಅಂಟಾರ್ಕ್ಟಿಕಾವನ್ನು ಸುತ್ತುವರಿದು ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಭಾರಿ ಪ್ರವಾಹ ಹೊರಗಿನ ವಸ್ತುಗಳನ್ನು ಒಳಗೆ ಬಿಡುವುದಿಲ್ಲ ಎಂಬುದು ಆ ನಂಬಿಕೆ. ಆದರೆ ನಮ್ಮ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿರುವ ಕೆರ್ಗೆಲೆನ್ ದ್ವೀಪದ ಕಡಲಕಳೆಯೊಂದು 20,000 ಕಿಲೋಮೀಟರಿಗೂ ಹೆಚ್ಚು ತೇಲಿ ಅಂಟಾರ್ಕ್ಟಿಕಾದ ದಡ ಸೇರಿದ್ದನ್ನು 2018ರಲ್ಲಿ ಆನುವಂಶಿಕ ಪರೀಕ್ಷೆಯಿಂದ ಸಾಬೀತುಪಡಿಸಿದರು. ಬಿರುಗಾಳಿ ಎಬ್ಬಿಸುವ ಅಲೆಗಳು ಅದನ್ನು ಪ್ರವಾಹದ ಆಚೆಗೆ ದಾಟಿಸಿದ್ದವು. ಕಳೆ ದಾಟಿದ ದಾರಿಯನ್ನು ಪ್ಲಾಸ್ಟಿಕ್ ದಾಟದೆ ಇರುತ್ತದೆಯೇ? 2019ರ ಕೊನೆಯಲ್ಲಿ ಅಲ್ಲಿಯ ರಾಸ್ ದ್ವೀಪದ 19 ಕಡೆ ಸಂಗ್ರಹಿಸಿದ ಹೊಸ ಹಿಮದ ಪ್ರತಿಯೊಂದು ಮಾದರಿಯಲ್ಲೂ ಮೈಕ್ರೋಪ್ಲಾಸ್ಟಿಕ್ ಇತ್ತು. ಕರಗಿದ ಹಿಮದ ಲೀಟರಿಗೆ ಸರಾಸರಿ 29 ಕಣಗಳು. ಅತಿ ಹೆಚ್ಚು ಕಡೆ ಸಿಕ್ಕದ್ದು ಪೆಟ್, ಅಂದರೆ ನೀರಿನ ಬಾಟಲಿಗೂ ಪಾಲಿಯೆಸ್ಟರ್ ಬಟ್ಟೆಗೂ ಬಳಸುವ ಅದೇ ಪ್ಲಾಸ್ಟಿಕ್.

ಈ ಕಣಗಳು ಸುಮ್ಮನೆ ತೇಲಿಕೊಂಡಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆರ್ಕ್ಟಿಕ್‌ನ ಮಂಜುಗಡ್ಡೆಯ ಅಡಿಯಲ್ಲಿ ಮೆಲೊಸಿರಾ ಎಂಬ ಪಾಚಿ ಜಡೆಗಟ್ಟಿ ಬೆಳೆಯುತ್ತದೆ. ಅಂಟಂಟಾಗಿರುವ ಈ ಪಾಚಿಯಲ್ಲಿ, ಸುತ್ತಲಿನ ನೀರಿಗಿಂತ ಹತ್ತು ಪಟ್ಟು ಹೆಚ್ಚು ಪ್ಲಾಸ್ಟಿಕ್ ಕಣಗಳಿವೆ ಎಂದು 2023ರಲ್ಲಿ ಕಂಡುಕೊಂಡರು. ವಸಂತದಲ್ಲಿ ಗಡ್ಡೆ ಕರಗಿದೊಡನೆ ಈ ಪಾಚಿ ಗೊಂಚಲು ಗೊಂಚಲಾಗಿ ನೇರ ತಳಕ್ಕೆ ಇಳಿಯುತ್ತದೆ. ಆಳದ ಜೀವಿಗಳಿಗೆ ಅದೇ ಊಟ. ಮೇಲೆ ಫುಲ್ಮಾರ್ ಎಂಬ ಹಕ್ಕಿ ನೀರಿನ ಮೇಲ್ಮೈಯಲ್ಲಿ ತೇಲುವುದನ್ನು ಹೆಕ್ಕಿ ತಿನ್ನುತ್ತದೆ, ತಿಂದದ್ದನ್ನು ಕಕ್ಕಿ ಮರಿಗೆ ಉಣಿಸುತ್ತದೆ. ಸ್ವಾಲ್ಬಾರ್ಡಿನಲ್ಲಿ ಪರೀಕ್ಷಿಸಿದ ಈ ಹಕ್ಕಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇತ್ತು. ಅಂಟಾರ್ಕ್ಟಿಕಾದ ಕ್ರಿಲ್, ತಿಮಿಂಗಿಲಗಳಿಂದ ಪೆಂಗ್ವಿನ್‌ವರೆಗೆ ಎಲ್ಲರ ಹೊಟ್ಟೆ ತುಂಬಿಸುವ ಆ ಪುಟ್ಟ ಸಿಗಡಿಯಂಥ ಜೀವಿ, ನುಂಗಿದ ಮೈಕ್ರೋಪ್ಲಾಸ್ಟಿಕ್ಕನ್ನು ಇನ್ನೂ ಸಣ್ಣದಾಗಿ ಅರೆದು ಹೊರಹಾಕುತ್ತದೆ ಎಂದು 2018ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಸಮಸ್ಯೆ ಕಡಿಮೆಯಾಗಲಿಲ್ಲ, ಯಾವ ಬಲೆಗೂ ಸಿಗದಷ್ಟು ಚಿಕ್ಕದಾಯಿತು, ಅಷ್ಟೆ.

ಇದನ್ನು ಯಾರು ಹೆಕ್ಕುತ್ತಾರೆ? ಯಾರೂ ಹೆಕ್ಕಲಾರರು. ಸ್ವಾಲ್ಬಾರ್ಡಿನ ಕಡಲತೀರಗಳಲ್ಲಿ ಸ್ವಯಂಸೇವಕರು ಬಲೆ, ಹಗ್ಗ, ಡಬ್ಬಗಳನ್ನು ಎತ್ತುತ್ತಾರೆ, ಅವರಿಗೆ ನನ್ನ ಗೌರವವಿದೆ. ಆದರೆ ಮಂಜುಗಡ್ಡೆಯೊಳಗಿನ ಕಣವನ್ನು, 2,500 ಮೀಟರ್ ಆಳದ ಕವರನ್ನು, ಪಾಚಿಗೆ ಅಂಟಿದ ನಾರನ್ನು ಎತ್ತುವ ಯಂತ್ರ ಜಗತ್ತಿನಲ್ಲಿ ಎಲ್ಲೂ ಇಲ್ಲ. ಕಸ ಇನ್ನೂ ಇಡಿಯಾಗಿರುವಾಗ, ಕೈಯಲ್ಲಿ ಹಿಡಿಯಬಹುದಾದಾಗ, ಅದು ಎಲ್ಲಿದೆಯೋ ಅಲ್ಲೇ ಹಿಡಿಯಬೇಕು. ನದಿಗಳ ವಿಷಯದಲ್ಲಿ ಆ ಜಾಗ ನದಿಯ ತಲೆ. ಕೊಡಗು ಇರುವುದು ಅಲ್ಲಿ.

ಧ್ರುವದಲ್ಲಿ ಜನ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ದಕ್ಷಿಣ ಜಾರ್ಜಿಯಾದ ಬರ್ಡ್ ದ್ವೀಪದಲ್ಲಿ 1980ರ ದಶಕದ ಕೊನೆಯಿಂದಲೂ ಕೊರಳಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡ ತುಪ್ಪಳದ ಸೀಲ್‌ಗಳ ಲೆಕ್ಕ ಇಡುತ್ತಾ ಬಂದಿದ್ದಾರೆ. ಮೀನಿನ ಪೆಟ್ಟಿಗೆಗಳಿಗೆ ಬಿಗಿಯುವ ಪ್ಯಾಕಿಂಗ್ ಪಟ್ಟಿ ನಮ್ಮ ಅಂಗಡಿಗಳಿಗೆ ಬರುವ ರಟ್ಟಿನ ಪೆಟ್ಟಿಗೆಗಳಿಗೂ ಇರುತ್ತದೆ, ನೀವೂ ನೋಡಿರುತ್ತೀರಿ. ಆ ಪಟ್ಟಿಯನ್ನು ಕತ್ತರಿಸದೆ ಬಳೆಯ ಹಾಗೆಯೇ ನೀರಿಗೆ ಬಿಟ್ಟರೆ ಮರಿ ಸೀಲ್ ಆಟವಾಡುತ್ತಾ ತಲೆ ತೂರಿಸುತ್ತದೆ. ಮೈ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ. ಚರ್ಮ ಸೀಳಿ ಮಾಂಸಕ್ಕೆ ಇಳಿಯುತ್ತದೆ. ಇದನ್ನು ಕಂಡೇ ಆ ಕಡಲಿನ ಮೀನುಗಾರಿಕೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಆಯೋಗ ಹಡಗುಗಳಲ್ಲಿ ಆ ಪಟ್ಟಿಗಳ ಬಳಕೆಗೆ ಕಡಿವಾಣ ಹಾಕಿತು. ಭಾರತವೂ ಆ ಆಯೋಗದ ಸದಸ್ಯ. ಹಡಗಿನಿಂದ ಕಡಲಿಗೆ ಪ್ಲಾಸ್ಟಿಕ್ ಎಸೆಯುವುದನ್ನು ಜಗತ್ತಿನಾದ್ಯಂತ ನಿಷೇಧಿಸಿದ ನಿಯಮ 1988ರ ಡಿಸೆಂಬರ್ 31ರಿಂದಲೇ ಜಾರಿಯಲ್ಲಿದೆ.

1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ್ ಪರಿಸರ ಒಪ್ಪಂದ ನನ್ನ ಪತ್ರಕ್ಕೆ ಮುಖ್ಯ ಆಧಾರ. ಪ್ಲಾಸ್ಟಿಕ್ಕನ್ನು ತಂದವರೇ ಆ ಖಂಡದಿಂದ ಹೊರಗೆ ಸಾಗಿಸಬೇಕು ಎಂದು ಅದು ಹೇಳುತ್ತದೆ. ಬಯಲಲ್ಲಿ ಕಸ ಸುಡುವುದನ್ನು 1998-99ರ ಋತುವಿನ ಒಳಗೆ ಪೂರ್ತಿ ನಿಲ್ಲಿಸಬೇಕು ಎಂದಿತು. ಪ್ಯಾಕಿಂಗಿಗೆ ಬಳಸುವ ಥರ್ಮಾಕೋಲ್ ಗುಂಡುಗಳನ್ನು ಅಲ್ಲಿಗೆ ಒಯ್ಯುವುದೇ ನಿಷಿದ್ಧ. ನಮ್ಮ ದೇಶದ ಮೈತ್ರಿ ಮತ್ತು ಭಾರತಿ ಕೇಂದ್ರಗಳಲ್ಲಿ ಕೆಲಸ ಮಾಡುವವರೆಲ್ಲ ಈ ನಿಯಮಕ್ಕೆ ಬದ್ಧರು. ಇದಕ್ಕೆಂದೇ 2022ರಲ್ಲಿ ಸಂಸತ್ತು ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆಯನ್ನು ಅಂಗೀಕರಿಸಿತು. 2024ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳ ಸಭೆ ನಡೆದದ್ದು ನಮ್ಮ ನೆರೆಯ ಕೊಚ್ಚಿಯಲ್ಲಿ. ಮೈ ಕೊರೆಯುವ ಚಳಿಯಲ್ಲಿ, ಹಡಗು ಬರುವ ತಿಂಗಳಿಗಾಗಿ ಕಾಯುತ್ತಾ, ಒಂದೊಂದು ಖಾಲಿ ಡಬ್ಬವನ್ನೂ ವಾಪಸು ಕಟ್ಟಿಡುವುದು ಭಾರತೀಯರಿಗೆ ಸಾಧ್ಯವಾಗಿದೆ. ಡಾಂಬರು ರಸ್ತೆ, ಲಾರಿ, ಪಂಚಾಯಿತಿ ಕಚೇರಿ ಎಲ್ಲ ಇರುವ ಮಡಿಕೇರಿಯಲ್ಲಿ ಏಕೆ ಸಾಧ್ಯವಿಲ್ಲ ಎಂಬುದೇ ನನ್ನ ಪ್ರಶ್ನೆ.

ಈಗ ನಮ್ಮ ನೆಲಕ್ಕೆ ಬರುತ್ತೇನೆ. ಕೊಡಗಿನ ಮೇಲೆ ಬಿದ್ದ ಮಳೆ ಎರಡು ಕಡಲುಗಳಿಗೆ ಹೋಗುತ್ತದೆ. ತಲಕಾವೇರಿಯಿಂದ ಭಾಗಮಂಡಲ, ನಾಪೋಕ್ಲು, ಕುಶಾಲನಗರದ ದಾರಿಯಾಗಿ ಕಾವೇರಿ ಕೃಷ್ಣರಾಜಸಾಗರ, ಮೆಟ್ಟೂರು ದಾಟಿ ಪೂಂಪುಹಾರದಲ್ಲಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಇರ್ಪು ಜಲಪಾತದ ಲಕ್ಷ್ಮಣತೀರ್ಥವೂ ಅವಳನ್ನೇ ಕೂಡುತ್ತದೆ. ಈ ದಾರಿಯ ಅಣೆಕಟ್ಟುಗಳು ಒಂದಿಷ್ಟು ಕಸವನ್ನು ತಡೆಯುತ್ತವೆ, ನಿಜ. ಕುಡಿಯುವ ನೀರಿನ ಜಲಾಶಯದಲ್ಲಿ ಅದು ಉಳಿಯುವುದು ಸಮಾಧಾನದ ಮಾತೇನಲ್ಲ. ಆದರೆ ಪಶ್ಚಿಮದ ಇಳಿಜಾರಿನ ಕಥೆ ಹಾಗಲ್ಲ. ಸಂಪಾಜೆ ಕಡೆಯ ಪಯಸ್ವಿನಿ ಸುಳ್ಯ ದಾಟಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಒಟ್ಟು ಹರಿವು ನೂರು ಕಿಲೋಮೀಟರಿನ ಆಸುಪಾಸು, ನಡುವೆ ಕನ್ನಂಬಾಡಿಯಂಥ ದೊಡ್ಡ ಕಟ್ಟೆ ಯಾವುದೂ ಇಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯ ತಿರುವಿನಲ್ಲಿ ಕಾರಿನ ಕಿಟಕಿಯಿಂದ ಹೊರಬಿದ್ದ ಬಾಟಲಿಗೆ ಆಷಾಢದ ಒಂದು ದೊಡ್ಡ ಮಳೆ ಸಾಕು. ಸಾವಿರಕ್ಕೂ ಹೆಚ್ಚು ನದಿಗಳು ಸೇರಿ ಕಡಲಿಗೆ ಹೋಗುವ ನದಿ ಕಸದ ಶೇಕಡಾ 80ರಷ್ಟನ್ನು ಹೊರುತ್ತವೆ ಎಂದು 2021ರ ಅಧ್ಯಯನವೊಂದು ಅಂದಾಜಿಸಿತು. ಗಂಗೆ, ಯಾಂಗ್ಟ್ಸೆಯಂಥ ಮಹಾನದಿಗಳದ್ದೇ ತಪ್ಪೆಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಕಡಲಿಗೆ ಹತ್ತಿರವಿರುವ, ಮಳೆಗೆ ಉಕ್ಕುವ ಸಣ್ಣ ನದಿಗಳ ಪಾಲೂ ದೊಡ್ಡದು.

ನಮ್ಮ ಕಡೆ ನೆರೆ ಬಂದು ಇಳಿದ ಮೇಲೆ ಹೊಳೆ ಬದಿಯ ಬಿದಿರಿನ ಮೆಳೆಗಳನ್ನು ಒಮ್ಮೆ ನೋಡಿ. ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಎಂದು ಅಳೆಯಲು ಬೇರೆ ಗುರುತು ಬೇಕಿಲ್ಲ, ಆ ಮಟ್ಟದವರೆಗೂ ಕವರುಗಳು ಸಿಕ್ಕಿಕೊಂಡಿರುತ್ತವೆ. ಗದ್ದೆಯ ಕೆಸರಿನಲ್ಲಿ ಶಾಂಪೂ ಪೌಚು, ಗುಟ್ಕಾ ಪೊಟ್ಟಣ, ಮದುವೆ ಮಂಟಪಗಳಲ್ಲಿ ಹಂಚುವ ಅಂಗೈಯಗಲದ ನೀರಿನ ಬಾಟಲಿ. ನಾಟಿಗೆ ಇಳಿದವರ ಕಾಲಿಗೆ ಮೊದಲು ಸಿಗುವುದು ಇವೇ. ಎಲ್ಲಿಂದ ಬಂತು ಎಂದು ತೋಡಿನ ಗುಂಟ ಮೇಲಕ್ಕೆ ಹೋದರೆ ಉತ್ತರ ಸಿಗುತ್ತದೆ. ರಸ್ತೆಯ ಪಕ್ಕದ ಕಮರಿಗೆ ಒಂದು ಪಂಚಾಯಿತಿಯ ಟ್ರ್ಯಾಕ್ಟರು ಕಸ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕೇಳಿದರೆ ಜಾಗ ಇಲ್ಲ ಎಂಬ ಉತ್ತರ ಬಂತು. ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಅರೆಬೆಂದ ಪ್ಲಾಸ್ಟಿಕ್ ಕರಿ ಗಟ್ಟಿಗಳಾಗಿ ಉಳಿಯುತ್ತದೆ, ಉಳಿದದ್ದು ಹೊಗೆಯಾಗಿ ಲೈನ್ ಮನೆಗಳ ಮಕ್ಕಳ ಎದೆ ಸೇರುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. ಸುಡುವುದು ಪಂಚಾಯಿತಿಯೇ ಆದಾಗ ದಂಡ ಹಾಕುವವರು ಯಾರು?

ಪ್ರವಾಸಿಗರ ಮೇಲಷ್ಟೇ ಬೆರಳು ತೋರಿಸಿ ಬೆಳೆಗಾರರಾದ ನಾವು ಪಾರಾಗುವಂತಿಲ್ಲ. ನಮ್ಮ ಕಣದಲ್ಲಿ ಕಾಫಿ, ಮೆಣಸು ಒಣಗಿಸಲು ಹಾಸುವ ನೀಲಿ ಟಾರ್ಪಾಲಿನ್ನನ್ನೇ ನೋಡಿ. ಹೊಸದರಲ್ಲಿ ಎರಡು ಕೈಯಲ್ಲಿ ಎಳೆದರೂ ಹರಿಯದು. ನಾಲ್ಕಾರು ಬೇಸಿಗೆಯ ಬಿಸಿಲು ಕಂಡ ಮೇಲೆ ಮಡಿಕೆಯ ಗೆರೆಗಳಲ್ಲಿ ಮೊದಲು ಬಿಳುಪು ಬರುತ್ತದೆ, ಆಮೇಲೆ ಅಲ್ಲಿ ಬಿರಿಯುತ್ತದೆ. ಅಂಚಿನ ನೂಲುಗಳು ಪಟ್ಟಿ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತವೆ. ಬೆರಳಿನಲ್ಲಿ ಉಜ್ಜಿದರೆ ನೀಲಿ ಪುಡಿ ಭತ್ತದ ಹೊಟ್ಟಿನಂತೆ ಉದುರುತ್ತದೆ. ಅದನ್ನು ಕೊಡವಿ ಮಡಚಿದಾಗ ಕಣದಲ್ಲಿ ಉಳಿದ ಪುಡಿ ಮೊದಲ ಮಳೆಗೆ ಚರಂಡಿಗೆ, ಚರಂಡಿಯಿಂದ ತೋಡಿಗೆ ಹೋಗುತ್ತದೆ. ಬಿಸಿಲು ಪಾಲಿಥಿನ್ನಿನ ಉದ್ದನೆಯ ಅಣು ಸರಪಳಿಗಳನ್ನು ತುಂಡರಿಸಿತೇ ಹೊರತು ಅದನ್ನು ಇಲ್ಲವಾಗಿಸಲಿಲ್ಲ. ಮೈಕ್ರೋಪ್ಲಾಸ್ಟಿಕ್ ಹುಟ್ಟುವುದು ಹೀಗೆ. ಸ್ವಾಲ್ಬಾರ್ಡಿನ ದಡಕ್ಕೆ ಬಂದು ಬೀಳುವ ಮೀನು ಬಲೆಗಳಲ್ಲಿ ಬಹಳಷ್ಟು ಇದೇ ಪಾಲಿಥಿನ್ನಿನವು, ಅವೂ ಹೀಗೆಯೇ ಬಿಚ್ಚಿಕೊಂಡು ಪುಡಿಯಾಗುತ್ತವೆ. ನರ್ಸರಿಯ ಸಸಿ ಚೀಲ ಇನ್ನೊಂದು. ಗುಂಡಿಯ ಬಳಿ ಚೀಲ ಸೀಳಿ ಸಸಿ ಇಡುತ್ತೇವೆ, ಸೀಳಿದ ಕಪ್ಪು ಚೀಲ ಅಲ್ಲೇ ತರಗೆಲೆಯಡಿ ಸೇರುತ್ತದೆ. ನೆರಳು ಬಲೆ, ಗೊಬ್ಬರದ ಚೀಲ, ತುಂತುರು ನೀರಾವರಿಯ ಒಡೆದ ಪೈಪು, ಔಷಧದ ಡಬ್ಬ ಎಲ್ಲಕ್ಕೂ ಇದೇ ಗತಿ. ಇವನ್ನು ಸಂಗ್ರಹಿಸುವ ಒಂದೇ ಒಂದು ಕೇಂದ್ರ ನಮ್ಮ ಹೋಬಳಿಯಲ್ಲಿ ಇಲ್ಲ. ಗುಜರಿಯವರು ಗಟ್ಟಿ ಪೈಪನ್ನು ಒಯ್ಯುತ್ತಾರೆ, ಹರಿದ ಟಾರ್ಪಾಲಿನ್ ಅವರಿಗೂ ಬೇಡ.

ನೀರಿನ ಬಾಟಲಿಯ ವಿಷಯದಲ್ಲಿ ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ ಏಕಬಳಕೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಲೋಟ, ತಟ್ಟೆ, ಸ್ಟ್ರಾ, ಚಮಚಗಳಿವೆ, ನೀರಿನ ಬಾಟಲಿ ಇಲ್ಲ. ಆದರೆ ನಮ್ಮ ನೆರೆಯ ನೀಲಗಿರಿ ಜಿಲ್ಲೆ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ತಾನೇ ನಿಷೇಧಿಸಿ ಪ್ರವಾಸಿಗರಿಗಾಗಿ ರಸ್ತೆ ಬದಿಯಲ್ಲಿ ನೀರಿನ ಯಂತ್ರಗಳನ್ನು ಇಟ್ಟಿದೆ. ಅದೇ ಜಿಲ್ಲೆಯಲ್ಲಿ 2022ರಲ್ಲಿ ಮದ್ರಾಸ್ ಹೈಕೋರ್ಟಿನ ನಿರ್ದೇಶನದಂತೆ ಮದ್ಯದ ಬಾಟಲಿಗೆ 10 ರೂಪಾಯಿ ಠೇವಣಿ ಜಾರಿಗೆ ಬಂತು. ಖಾಲಿ ಬಾಟಲಿ ಮರಳಿಸಿದವರಿಗೆ ಹಣ ವಾಪಸು. ಸಿಕ್ಕಿಂನ ಲಾಚೆನ್ ಎಂಬ ಗಡಿ ಹಳ್ಳಿ 2012ರಲ್ಲೇ ತನ್ನ ಸಾಂಪ್ರದಾಯಿಕ ಊರ ಪಂಚಾಯಿತಿಯ ತೀರ್ಮಾನದಿಂದ ಬಾಟಲಿ ನೀರನ್ನು ದೂರವಿಟ್ಟಿತು. ಹತ್ತು ವರ್ಷಗಳ ಬಳಿಕ ಇಡೀ ರಾಜ್ಯ ಆ ಹಳ್ಳಿಯ ದಾರಿ ಹಿಡಿಯಿತು. ಲಾಚೆನ್ ಯಾರ ಆದೇಶಕ್ಕೂ ಕಾಯಲಿಲ್ಲ.

ನಾವೂ ಕಾಯಬಾರದು, ಏಕೆಂದರೆ ಮೇಲಿನಿಂದ ಏನೂ ಬರುವ ಲಕ್ಷಣವಿಲ್ಲ. ಪ್ಲಾಸ್ಟಿಕ್ ಮಾಲಿನ್ಯ ತಡೆಯಲು ಜಾಗತಿಕ ಒಪ್ಪಂದ ಮಾಡಿಕೊಳ್ಳೋಣ ಎಂದು 2022ರ ಮಾರ್ಚಿನಲ್ಲಿ ನೈರೋಬಿಯಲ್ಲಿ ದೇಶಗಳು ತೀರ್ಮಾನಿಸಿದವು. 2024ರ ಕೊನೆಗೆ ಬುಸಾನ್‌ನಲ್ಲಿ ಒಮ್ಮತ ಮೂಡಲಿಲ್ಲ. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಮೂಡಲಿಲ್ಲ. ತಯಾರಿಕೆಯನ್ನೇ ಮಿತಿಗೊಳಿಸಬೇಕು ಎಂಬ ದೇಶಗಳಿಗೂ ಬೇಡವೆನ್ನುವ ತೈಲ ದೇಶಗಳಿಗೂ ಹೊಂದಿಕೆಯಾಗಲಿಲ್ಲ. ತಯಾರಿಕೆ ತಗ್ಗದೆ ಕಸ ತಗ್ಗದು ಎಂಬುದೇ ನನ್ನ ಅಭಿಪ್ರಾಯವೂ ಹೌದು. ಆದರೆ ಅದನ್ನು ತಗ್ಗಿಸುವುದು ನಿಮ್ಮ ಕೈಯಲ್ಲಿಲ್ಲ, ಕಮರಿಗೆ ಸುರಿಯುವ ಟ್ರ್ಯಾಕ್ಟರನ್ನು ನಿಲ್ಲಿಸುವುದು ಇದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಮೊದಲನೆಯದಾಗಿ, ಮುಂಗಾರು ಹಿಡಿಯುವ ಮುನ್ನ ಜಿಲ್ಲೆಯಲ್ಲಿ ಹೊಳೆ, ತೋಡು, ಕಮರಿಗಳ ಅಂಚಿನಲ್ಲಿ ಕಸ ಸುರಿಯುವ ಜಾಗಗಳು ಎಲ್ಲೆಲ್ಲಿವೆ ಎಂಬ ಪಟ್ಟಿಯನ್ನು ಪಂಚಾಯಿತಿವಾರು ಮಾಡಿ ಪ್ರಕಟಿಸಿ. ಅಲ್ಲಿರುವುದನ್ನು ಎತ್ತಿಸಿ, ಮತ್ತೆ ಸುರಿಯದಂತೆ ನೋಡಿಕೊಳ್ಳಿ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗ್ರಾಮ ಪಂಚಾಯಿತಿಗೇ ಈ ಹೊಣೆ ಹೊರಿಸಿವೆ. ಆದರೆ ಹಣವಿಲ್ಲದೆ, ಜಾಗವಿಲ್ಲದೆ ಹೊಣೆಯನ್ನಷ್ಟೇ ದಾಟಿಸಿದರೆ ಕಸ ಮತ್ತೆ ಕಮರಿಗೇ ಹೋಗುತ್ತದೆ. ಹೋಬಳಿಗೊಂದು ಒಣಕಸ ಕೇಂದ್ರಕ್ಕೆ ಜಾಗ ಗುರುತಿಸುವ ಕೆಲಸ ಕಂದಾಯ ಇಲಾಖೆಯದು, ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಆಗುತ್ತದೆ. ಆ ಕೇಂದ್ರದಲ್ಲಿ ತೋಟದ ಪ್ಲಾಸ್ಟಿಕ್‌ಗೂ ಜಾಗವಿರಲಿ. ಬೆಳೆಗಾರರಿಂದ ಸಣ್ಣದೊಂದು ಶುಲ್ಕ ಪಡೆದರೂ ತಪ್ಪಿಲ್ಲ, ನಾನು ಕೊಡುತ್ತೇನೆ.

ತಲಕಾವೇರಿ, ಮಾಂದಲಪಟ್ಟಿ, ಅಬ್ಬಿ, ಇರ್ಪು, ದುಬಾರೆಗಳಲ್ಲಿ ಅಂಟಾರ್ಕ್ಟಿಕಾದ ನಿಯಮವನ್ನೇ ಇಡಿ. ಒಳಗೆ ಹೋಗುವಾಗ ಪ್ರತಿ ಬಾಟಲಿಗೂ ಚೀಟಿ ಅಂಟಿಸಿ ಠೇವಣಿ ಪಡೆಯಲಿ, ಹೊರಗೆ ಬರುವಾಗ ಬಾಟಲಿ ತೋರಿಸಿದರೆ ಹಣ ಮರಳಿಸಲಿ. ಬೇರೆ ರಾಜ್ಯಗಳ ಎಷ್ಟೋ ಅಭಯಾರಣ್ಯಗಳ ಬಾಗಿಲಲ್ಲಿ ಈ ಪದ್ಧತಿ ಈಗಾಗಲೇ ಇದೆ. ತುಲಾ ಸಂಕ್ರಮಣದ ತೀರ್ಥೋದ್ಭವದ ದಿನ ಸಾವಿರಾರು ಜನ ತೀರ್ಥವನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ತುಂಬಿಸಿಕೊಳ್ಳುತ್ತಾರೆ. ಭಾಗಮಂಡಲದಲ್ಲೇ ಲೋಹದ ಪಾತ್ರೆಗಳನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮಾರುವ ವ್ಯವಸ್ಥೆಯಾಗಲಿ. ಮನೆಯ ದೇವರ ಗೂಡಿನಲ್ಲಿ ವರ್ಷವಿಡೀ ಇಡುವ ತೀರ್ಥಕ್ಕೆ ಯಾವ ಭಕ್ತರೂ ಒಳ್ಳೆಯ ಪಾತ್ರೆ ಬೇಡವೆನ್ನಲಾರರು. ಹೋಂಸ್ಟೇ ಮತ್ತು ಕಲ್ಯಾಣ ಮಂಟಪಗಳ ಪರವಾನಗಿ ನವೀಕರಿಸುವಾಗ ಸಣ್ಣ ಬಾಟಲಿ ಬಳಸುವುದಿಲ್ಲ, ಕುಡಿಯುವ ನೀರನ್ನು ಡ್ರಮ್ಮಿನಲ್ಲಿ ಇಡುತ್ತೇವೆ ಎಂಬ ಷರತ್ತು ಸೇರಿಸಿ.

ಇನ್ನೊಂದು ಕೆಲಸ ಖರ್ಚು ಕಡಿಮೆಯದು, ಆದರೆ ಅದಿಲ್ಲದೆ ಉಳಿದದ್ದು ಫಲ ಕೊಡುತ್ತಿದೆಯೇ ಎಂದು ತಿಳಿಯುವುದಿಲ್ಲ. ಕಾವೇರಿ ಜಿಲ್ಲೆಯನ್ನು ಬಿಟ್ಟು ಹೋಗುವ ಕುಶಾಲನಗರದ ಆಚೆ ಒಂದು ಕಡೆ, ಪಯಸ್ವಿನಿ ನಮ್ಮ ಗಡಿ ದಾಟುವ ಸಂಪಾಜೆಯಲ್ಲಿ ಒಂದು ಕಡೆ ತಿಂಗಳಿಗೊಮ್ಮೆ ನೀರಿನ ಮಾದರಿ ತೆಗೆಯಲಿ. ಕಡಲಿನಲ್ಲಿ ಮೈಕ್ರೋಪ್ಲಾಸ್ಟಿಕ್ ಸೋಸಲು ಬಳಸುವುದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಕಣ್ಣಿರುವ ಬಲೆ. ಅಂಥದ್ದೊಂದನ್ನು ಸೇತುವೆಯಿಂದ ಹರಿವಿಗೆ ಇಳಿಸಿ, ಸಿಕ್ಕದ್ದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ಕಷ್ಟದ ಕೆಲಸವಲ್ಲ. ಧ್ರುವದ ಕಡಲಿನ ಬಗ್ಗೆ ನಾನು ಮೇಲೆ ಬರೆದ ಒಂದೊಂದು ಅಂಕಿಯೂ ಯಾರೋ ಚಳಿಯಲ್ಲಿ ನಿಂತು ಹೀಗೆ ಎಣಿಸಿದ್ದರಿಂದಲೇ ನಮಗೆ ಸಿಕ್ಕಿದೆ. ನಮ್ಮ ಮನೆ ಬಾಗಿಲಿನ ಹೊಳೆಗೆ ಅಂಥದೊಂದು ಅಂಕಿ ಇಲ್ಲದಿರುವುದು ಸರಿಯಲ್ಲ.

ಹೂಮಳೆ ಬಿದ್ದು ತೋಟದ ಕೆಲಸ ಸ್ವಲ್ಪ ಬಿಡುವಾಗುವ ಈ ಸಮಯದಲ್ಲಿ ನಮ್ಮ ಪಂಚಾಯಿತಿಯ ಗ್ರಾಮಸಭೆ ಕರೆಯಿರಿ, ಕಸ ಸುರಿಯುವ ಜಾಗಗಳ ಪಟ್ಟಿಯನ್ನೂ ತೋಟದ ಪ್ಲಾಸ್ಟಿಕ್ ಸಂಗ್ರಹವನ್ನೂ ಕಾರ್ಯಸೂಚಿಯಲ್ಲಿ ಸೇರಿಸಿ. ಹಳೆಯ ಟಾರ್ಪಾಲಿನ್, ಸಸಿ ಚೀಲಗಳನ್ನು ಒಟ್ಟುಮಾಡಿ ಇಟ್ಟಿರುವ ಬೆಳೆಗಾರರು ನಮ್ಮಲ್ಲಿ ಹಲವರಿದ್ದಾರೆ. ಲಾರಿ ಯಾವ ದಿನ, ಎಲ್ಲಿಗೆ ಬರುತ್ತದೆ ಎಂದು ಪಂಚಾಯಿತಿ ತಿಳಿಸಿದರೆ ರಸ್ತೆಯವರೆಗೆ ತಂದು ಹಾಕುವ ಜವಾಬ್ದಾರಿ ನಮ್ಮದು. ಸಭೆಯ ದಿನಾಂಕವನ್ನು ಮೇ ತಿಂಗಳು ಮುಗಿಯುವುದರೊಳಗೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕರು ಮತ್ತು ಕಾಫಿ ಬೆಳೆಗಾರರು,
ನಾಪೋಕ್ಲು ಹೋಬಳಿ, ಕೊಡಗು